ಫಾಗ್ ಲೈಟಿಗೆ ತೊಗಲಿನ ಮುಚ್ಚಳ

ನನ್ನ ಅಂಗಡಿ ಕಡಲ ದಂಡೆಯ ತಾಖಾ ಊರಿನಲ್ಲಿದೆ. ಗಾಡಿಗಳ ಬಿಡಿಭಾಗ ಮಾರುತ್ತೇನೆ. ವರ್ಷದ ಒಂಬತ್ತು ತಿಂಗಳು ನೊಣ ಹೊಡೆಯುತ್ತ ಕೂರುವ ನನಗೆ ಖರೀಫ್, ಅಂದರೆ ನಮ್ಮ ಮಂಜಿನ ಮಳೆಗಾಲ, ಬಂತೆಂದರೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕಡಲಿನ ಮೋಡವೆಲ್ಲ ಬಂದು ಬೆಟ್ಟದ ಮೇಲೆ ಮಲಗುತ್ತದೆ, ಮೂರು ತಿಂಗಳು ಏಳುವುದಿಲ್ಲ. ಆಗ ಫಾಗ್ ಲೈಟ್ ಇಲ್ಲದೆ ಬೆಟ್ಟ ಹತ್ತುವವನು ಒಂದೋ ಹುಚ್ಚ, ಇಲ್ಲ ಮಸ್ಕತ್ತಿನಿಂದ ಬಂದ ಪ್ರವಾಸಿ.

ಈ ಫಾಗ್ ಲೈಟಿನ ಪಾಡು ನೋಡಿ. ಅದು ಬಂಪರಿನ ಕೆಳಗೆ, ನೆಲದಿಂದ ಒಂದೂವರೆ ಗೇಣು ಎತ್ತರದಲ್ಲಿ ಕೂತಿರುತ್ತದೆ. ಕಡಲ ಕಡೆಯ ಇಳಿಜಾರಿನಲ್ಲಿ ಡಾಂಬರು ಇದೆ, ಅಲ್ಲಿ ಅದಕ್ಕೆ ಭಯವಿಲ್ಲ. ಆದರೆ ನೆತ್ತಿ ದಾಟಿ ಆಚೆಗಿಳಿದರೆ ಮಂಜೂ ಇಲ್ಲ, ಡಾಂಬರೂ ಇಲ್ಲ. ಬರೀ ಒಣ ಬಯಲು, ಜಲ್ಲಿ ರಸ್ತೆ. ಮುಂದೆ ಹೋಗುವ ಗಾಡಿಯ ಚಕ್ರದಿಂದ ಕಲ್ಲು ಹಾರಿ ಬಂದರೆ ಮೊದಲು ಸಾಯುವುದು ಈ ಗಾಜು. ಆಚೆ ಕಡೆ ಒಡೆಸಿಕೊಂಡು ಈಚೆ ಕಡೆ ಕುರುಡಾಗುವುದು ನಮ್ಮ ಬೆಟ್ಟದವರ ಹಣೆಬರಹ. ನನ್ನ ಹೊಟ್ಟೆಪಾಡು ನಡೆಯುವುದು ಅದರಿಂದಲೇ, ಸುಳ್ಳು ಯಾಕೆ ಹೇಳಲಿ.

ತುಫೂಲ್ ಚಿಕ್ಕಮ್ಮ ಆ ವರ್ಷ ಖರೀಫಿನ ಮೊದಲ ಹದಿನೈದು ದಿನದಲ್ಲೇ ಮೂರು ಗಾಜು ಒಡೆಸಿಕೊಂಡು ಬಂದಿದ್ದಳು. ನಮ್ಮಮ್ಮನ ತಂಗಿ. ಗಂಡ ಹೋದ ಮೇಲೆ, ಐವತ್ತನೇ ವಯಸ್ಸಿನಲ್ಲಿ ಲೈಸೆನ್ಸ್ ತೆಗೆದುಕೊಂಡ ಹೆಂಗಸು. ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದಳು. ಓಡಿಸಲು ಕಲಿಸಿದವನು ಅವಳ ಅಣ್ಣ, ನನ್ನ ಮಹಾದ್ ಮಾವ. ಖರೀಫಿನಲ್ಲಿ ಬೆಟ್ಟದ ಕೆಸರಲ್ಲಿ ಒಂಟೆಗಳು ಜಾರಿ ಕಾಲು ಮುರಿದುಕೊಳ್ಳುತ್ತವೆ ಎಂದು ಮಾವ ತನ್ನ ಒಂಟೆಗಳನ್ನು ಆಚೆಯ ಒಣ ಬಯಲಿಗೆ ಹೊಡೆದುಕೊಂಡು ಹೋಗಿ ಡೇರೆ ಹಾಕುತ್ತಾನೆ. ಚಿಕ್ಕಮ್ಮ ದಿನಾ ಬೆಳಿಗ್ಗೆ ಪಿಕಪ್ಪಿನಲ್ಲಿ ನೀರು, ಮೇವು ಒಯ್ದು ಕೊಟ್ಟು, ಮಧ್ಯಾಹ್ನದ ಹಾಲು ಹೇರಿಕೊಂಡು ಬೆಟ್ಟದ ಬುಡದ ಚಪ್ಪರಕ್ಕೆ ತಂದು ಮಾರುತ್ತಾಳೆ. ಹಾಲು ಕರೆಯುವುದು ಗಂಡಸರ ಕೆಲಸ, ಹೆಂಗಸರ ಕೈ ಕೆಚ್ಚಲಿಗೆ ತಾಗಬಾರದು. ಅದು ನಮ್ಮಲ್ಲಿ ಅಜ್ಜಂದಿರ ಕಾಲದ ಕಟ್ಟುಪಾಡು. ಅದಕ್ಕೆ ಚಿಕ್ಕಮ್ಮನ ಉತ್ತರವೂ ಅಷ್ಟೇ ಹಳೆಯದು. "ಕೆಚ್ಚಲು ನಿಮ್ಮದು, ಬುಟ್ಟಿ ನಮ್ಮದು. ಬುಟ್ಟಿ ಇಲ್ದೆ ಬೊಗಸೇಲಿ ಕರ್ಕೊಳ್ಳಿ ನೋಡೋಣ" ಎನ್ನುತ್ತಾಳೆ. ಈಚಲಗರಿಯ ಹೆಣಿಗೆಗೆ ತೊಗಲು ಹೊಲಿದು ಒಂದು ಹನಿ ಸೋರದ ಹಾಲಿನ ಬುಟ್ಟಿ ಮಾಡುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಕಡೆ ಇಲ್ಲ.

ಮೂರನೆಯ ಗಾಜು ಒಡೆದ ದಿನ ಅವಳು ಒಂದೇ ದೀಪದಲ್ಲಿ ಮಂಜಿಗಿಳಿದು, ಒಂದು ತಿರುವಿನಲ್ಲಿ ರಸ್ತೆಯಂಚಿನ ಕಬ್ಬಿಣದ ತಡೆಗೆ ಗಾಡಿಯ ಪಕ್ಕೆ ಉಜ್ಜಿಸಿಕೊಂಡು ಬಂದಿದ್ದಳು. ಮಾವನಿಗೆ ಸುದ್ದಿ ಮುಟ್ಟಿತು. ಹಿಂದಿನ ವರ್ಷ ಅದೇ ತಿರುವಿನಲ್ಲಿ ಅವನ ಗೆಳೆಯನ ಗಾಡಿ ಕಮರಿಗೆ ಉರುಳಿತ್ತು. ಅವನು ಸೀದಾ ನನ್ನ ಅಂಗಡಿಗೇ ಬಂದ. ಚಿಕ್ಕಮ್ಮ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದಳು.

"ಕೀಲಿ ಕೊಡು" ಎಂದ.

"ಯಾಕಣ್ಣ?"

"ಯಾಕೆ ಅಂತ ಬೇರೆ ಕೇಳ್ತೀಯಾ? ನಿನ್ನ ಹೆಣ ಹೊರೋಕೆ ನನ್ನ ಹೆಗಲಲ್ಲಿ ಶಕ್ತಿ ಇಲ್ಲ ಕಣೇ."

"ಕೀಲಿ ತಗೊಂಡ್ರೆ ನಾನೇನು ಮಾಡ್ಲಿ? ಸೊಸೆ ಅಡುಗೆಮನೇಲಿ ಬೆಕ್ಕಿನ ಹಾಗೆ ಬಿದ್ಕೊಂಡಿರ್ಲಾ? ಅದೂ ಒಂದು ಹೆಣಾನೇ ಅಣ್ಣ. ಸ್ವಲ್ಪ ನಿಧಾನಕ್ಕೆ ಹೊರ್ತೀಯ, ಅಷ್ಟೇ."

ಮಾವನಿಗೆ ಬಾಯಿ ಜೋರಾದರೂ ತಂಗಿಯ ಮೇಲೆ ಪ್ರಾಣ. ಕೊನೆಗೆ ಒಂದು ಮಾತಿಗೆ ಬಂದ. "ಸರಿ. ಖರೀಫ್ ಮುಗಿಯೋವರೆಗೂ ನೋಡ್ತೀನಿ. ಇನ್ನೊಂದೇ ಒಂದು ಗಾಜು ಒಡೀಲಿ, ಕೀಲಿ ನನ್ನ ಜೇಬಿಗೆ. ಬಖೀತ, ನೀನೇ ಸಾಕ್ಷಿ."

ಗಾಜು ಮಾರುವವನನ್ನೇ ಸಾಕ್ಷಿ ಮಾಡಿದ ಪುಣ್ಯಾತ್ಮ. ಗಾಜು ಒಡೆದರೆ ನನಗೆ ವ್ಯಾಪಾರ, ಒಡೆಯದಿದ್ದರೆ ಚಿಕ್ಕಮ್ಮನ ಆಶೀರ್ವಾದ.

ಅವನು ಹೋದ ಮೇಲೆ ನಾನು ದೊಡ್ಡ ಮನುಷ್ಯನ ಹಾಗೆ ಒಂದು ಜೊತೆ ಪ್ಲಾಸ್ಟಿಕ್ ಕವರು ತೆಗೆದು ಅವಳ ಮುಂದಿಟ್ಟೆ. ಪಾರದರ್ಶಕ, ಹೊಳೆಯುವ ಮಾಲು, ಗಾಜಿಗೆ ಅಂಟಿಸಿಬಿಡುವುದು. ಅವಳು ಬೆರಳಿನಿಂದ ತಟ್ಟಿ ನೋಡಿದಳು.

"ಇದು ಗಾಜಿಗೆ ಅಂಟ್ಕೊಂಡೇ ಇರುತ್ತಾ?"

"ಹೂಂ, ಅಲ್ಲಾಡಲ್ಲ."

"ಹಾಗಾದ್ರೆ ಇದಕ್ಕೆ ಬಿದ್ದ ಪೆಟ್ಟು ಗಾಜಿಗೂ ಬೀಳುತ್ತಲ್ಲೋ ದಡ್ಡ."

ನಾಲ್ಕೇ ದಿನಕ್ಕೆ ದೀಪದ ಕಾವಿಗೆ ಆ ಪ್ಲಾಸ್ಟಿಕ್ ಹಳದಿಯಾಗಿ ಸುಕ್ಕುಗಟ್ಟಿತು. ಆಮೇಲೆ ನಾನು ತಂತಿ ಬಲೆ ಕಟ್ಟಿಕೊಟ್ಟೆ. ಅದರ ಕಣ್ಣುಗಳಲ್ಲಿ ಕೆಸರು ತುಂಬಿ ಅರ್ಧ ಬೆಳಕೂ ಹೊರಗೆ ಬರಲಿಲ್ಲ. ಇಪ್ಪತ್ತು ವರ್ಷ ಗಾಡಿಯ ದೀಪ ಮಾರಿದವನು ನಾನು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

"ಒಂದು ಲೈಟು ಬಿಚ್ಚಿ ಕೊಡು" ಎಂದಳು ಚಿಕ್ಕಮ್ಮ. ಬಿಚ್ಚಿ ಕೊಟ್ಟೆ. ಮಗುವಿನ ತಲೆಗೆ ಟೋಪಿ ಅಳೆಯುವ ಹಾಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಲೂ ಗೇಣು ಹಾಕಿದಳು, ಬೆರಳು ಹಾಕಿದಳು. ಆಮೇಲೆ ಮೂರು ದಿನ ಅವಳು ಮಾಡಿದ್ದನ್ನು ನಾನು ಅಂಗಡಿ ಬಾಗಿಲು ಹಾಕಿ ಹೋಗಿ ಹೋಗಿ ನೋಡಿದ್ದೇನೆ. ಈಚಲಗರಿಯನ್ನು ನೆನೆಸಿ, ಸೀಳಿ, ಸುರುಳಿ ಸುತ್ತುತ್ತ ಒಂದು ಬಳೆಯಂಥ ಗೋಡೆ ಎಬ್ಬಿಸಿದಳು. ಗೋಡೆಯ ಮುಂದುಗಡೆಗೆ ಒಂಟೆಯ ದಪ್ಪ ತೊಗಲಿನ ಬಿಲ್ಲೆ, ಹಿಂದುಗಡೆಗೆ ಮೇಕೆಮರಿಯ ಮೆತ್ತನೆ ತೊಗಲಿನ ಸೆರಗು. ಒದ್ದೆ ತೊಗಲನ್ನು ದೀಪದ ಮೇಲೆಯೇ ಎಳೆದು ಕೂರಿಸಿ, ದಬ್ಬಳದಿಂದ ತೂತು ಹಾಕಿ, ಹಾಲಿನ ಬುಟ್ಟಿಗೆ ಹಾಕುವ ಒತ್ತು ಹೊಲಿಗೆಯನ್ನೇ ಹಾಕಿದಳು. ಹೊಗೆಯಲ್ಲಿ ಒಣಗಿಸಿ, ತುಪ್ಪ ಸವರಿ ತಿಕ್ಕಿದಳು. ತೊಗಲಿನ ಬಿಲ್ಲೆಗೂ ಗಾಜಿಗೂ ನಡುವೆ ಒಂದು ಬೆರಳು ಜಾಗ ಬಿಟ್ಟಿದ್ದಳು.

"ಇದ್ಯಾಕೆ ಖಾಲಿ?" ಎಂದು ಕೇಳಿದೆ.

"ಕಲ್ಲು ಬುಟ್ಟಿಗೆ ಹೊಡೀಲಿ. ಗಾಜಿಗೆ ಸುದ್ದಿನೂ ಗೊತ್ತಾಗಬಾರದು."

ಆ ಒಂದು ಬೆರಳು ಜಾಗ ನನ್ನ ಇಪ್ಪತ್ತು ವರ್ಷದ ತಲೆಗೆ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ಕಟ್ಟುವುದಕ್ಕೆ ಮೇಕೆ ಕೂದಲಿನ ಹುರಿ. ಗಂಟು, ಒಂಟೆಯ ಮುಂಗಾಲಿಗೆ ಹಾಕುವ ಜಾರುಗಂಟು. ಒಂದು ಎಳೆತಕ್ಕೆ ಬಿಚ್ಚಿಕೊಳ್ಳಬೇಕು, ಯಾಕೆಂದರೆ ವಾಪಸು ಬರುವಾಗ ನೆತ್ತಿಯಲ್ಲಿ ಮಂಜು ಗೋಡೆಯ ಹಾಗೆ ಎದುರಾಗುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ, ಮುಚ್ಚಳ ತೆಗೆದು, ದೀಪ ಹಾಕಿ ಕೆಳಗಿಳಿಯಬೇಕು. ಹೋಗುವಾಗ ಅದೇ ಜಾಗದಲ್ಲಿ ಮತ್ತೆ ತೊಡಿಸಬೇಕು.

ಮೊದಲ ವಾರದಲ್ಲೇ ಅವಳು ಒಮ್ಮೆ ತೆಗೆಯುವುದನ್ನು ಮರೆತಳು. ಮಂಜಿನೊಳಗೆ ಎರಡು ತಿರುವು ಇಳಿದ ಮೇಲೆ, ಇವತ್ತೇನು ಇಷ್ಟು ಕತ್ತಲೆ ಎಂದು ಅನುಮಾನ ಬಂದು ಗಾಡಿ ನಿಲ್ಲಿಸಿದಳಂತೆ. ಇದನ್ನು ನನಗೊಬ್ಬನಿಗೇ ಹೇಳಿದಳು. "ಅಣ್ಣನ ಕಿವಿಗೆ ಬಿದ್ರೆ ನಿನ್ನ ಅಂಗಡಿಗೆ ಬೆಂಕಿ ಹಾಕ್ತೀನಿ" ಎಂದೂ ಹೇಳಿದಳು. ಮರುದಿನವೇ ಅದಕ್ಕೊಂದು ಉಪಾಯ ಮಾಡಿದಳು. ಎರಡೂ ಮುಚ್ಚಳದ ಹುರಿಗಳನ್ನು ಉದ್ದ ಮಾಡಿ, ಬಾನೆಟ್ಟಿನ ಮೇಲಿಂದ ಎಳೆದು ತಂದು, ತುದಿಗೆ ಮುಷ್ಟಿ ಗಾತ್ರದ ಕೆಂಪು ಉಣ್ಣೆಯ ಕುಚ್ಚು ಕಟ್ಟಿ, ಓಡಿಸುವವರ ಮೂಗಿನೆದುರಿಗೆ ವೈಪರಿಗೆ ಸಿಕ್ಕಿಸಿದಳು. ಕುಚ್ಚು ಕಾಣುತ್ತಿದೆ ಎಂದರೆ ಮುಚ್ಚಳ ಇದೆ. ಮುಚ್ಚಳ ತೆಗೆದರೆ ಕುಚ್ಚೂ ಅದರ ಜೊತೆಗೇ ಗಾಡಿಯೊಳಗೆ ಬರುತ್ತದೆ.

ಮಹಾದ್ ಮಾವ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಒಂಟೆಗೆ ಕಟ್ಟೋ ಕುಚ್ಚನ್ನ ಗಾಡಿಗೆ ಕಟ್ಟಿದ್ದಾಳೆ. ನಾಳೆ ಹುಲ್ಲು ತಿನ್ನಿಸ್ತಾಳೆ ನೋಡಿ."

ತಿನ್ನಿಸಲಿ ಬಿಡಲಿ, ಗಾಜು ಮಾತ್ರ ಒಡೆಯಲಿಲ್ಲ. ಜುಲೈ ಹೋಯಿತು, ಆಗಸ್ಟ್ ಹೋಯಿತು. ಮುಚ್ಚಳದ ತೊಗಲಿನ ಮೇಲೆ ಸಿಡುಬಿನ ಕಲೆಯ ಹಾಗೆ ಕಲ್ಲಿನ ಗುರುತು ತುಂಬಿದವು. ಒಳಗಿನ ಗಾಜು ನನ್ನ ಅಂಗಡಿಯಿಂದ ಹೊರಟ ದಿನ ಇದ್ದ ಹಾಗೇ ಇತ್ತು. ಬೇರೆ ಗಾಡಿಯವರೂ ಬಂದು ಬಗ್ಗಿ ನೋಡಿ ಹೋಗತೊಡಗಿದರು. ನನ್ನ ವ್ಯಾಪಾರಕ್ಕೆ ಕಲ್ಲು ಬೀಳುವ ಕಾಲ ಬಂತು ಎಂದು ಗೊತ್ತಾದರೂ ನಾನೇ ಎಲ್ಲರಿಗೂ ತೋರಿಸುತ್ತಿದ್ದೆ. ಒಳ್ಳೆ ಕೆಲಸ ಕಂಡರೆ ನನಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ.

ಖರೀಫ್ ಮುಗಿಯಲು ಇನ್ನೊಂದು ವಾರವೂ ಉಳಿದಿರಲಿಲ್ಲ. ಮಾವನ ಗಾಡಿ ರಿಪೇರಿಗೆಂದು ನನ್ನ ಅಂಗಡಿಯ ಪಕ್ಕದ ಶೆಡ್ಡಿನಲ್ಲಿತ್ತು. ಹಾಡಹಗಲಲ್ಲಿ ನೀರಿನ ತೊಟ್ಟಿಗೆ ಗುದ್ದಿಸಿದ್ದ. ಕೇಳಿದರೆ, "ಯಾವನೋ ತೊಟ್ಟೀನ ಜರುಗಿಸಿದಾನೆ" ಎಂದಿದ್ದ. ಗಾಡಿ ಸಿದ್ಧವಾಗಿದೆ ಎಂದು ಹೇಳಿ ಅವನನ್ನು ಕರೆದುಕೊಂಡು ಬರಲು ನಾನು ಚಿಕ್ಕಮ್ಮನ ಜೊತೆ ಬೆಟ್ಟದಾಚೆ ಹೋದೆ. ಮುಚ್ಚಳದ ಕೆಲಸವನ್ನು ಕಣ್ಣಾರೆ ನೋಡುವ ಆಸೆಯೂ ಇತ್ತು.

ಡೇರೆ ಇನ್ನೇನು ನೂರು ಮಾರು ಇದೆ ಎನ್ನುವಾಗ ಪ್ರವಾಸಿಯೊಬ್ಬ ದೆವ್ವ ಹಿಡಿದವನಂತೆ ನಮ್ಮನ್ನು ದಾಟಿಕೊಂಡು ಹೋದ. ಜಲ್ಲಿ ಆಲಿಕಲ್ಲಿನ ಹಾಗೆ ಬಿತ್ತು. ಒಂದು ದಪ್ಪ ಕಲ್ಲು ಮುಂದುಗಡೆ "ಠಪ್" ಎಂದು ಹೊಡೆದ ಸದ್ದು ಡೇರೆಗೂ ಕೇಳಿಸಿತು. ನಾವು ನಿಲ್ಲಿಸುವುದರೊಳಗೆ ಮಾವ ಎದ್ದು ಬಂದಿದ್ದ.

"ಒಡೀತಲ್ಲ! ಕೀಲಿ ಕೊಡು."

"ಒಡೆದಿಲ್ಲ ಅಣ್ಣ, ಮುಚ್ಚಳಕ್ಕೆ ಬಿತ್ತು."

"ಮಾವ, ಬಿಚ್ಚಿ ನೋಡಿದ್ರಾಯ್ತಲ್ಲ" ಎಂದೆ ನಾನು.

"ನೋಡೋದೇನಿದೆ? ನನ್ನ ಕಿವಿ ಕೇಳಿದೆ, ಸಾಕು. ನೀನು ಅಂಗಡಿಯವನು, ನಾಳೆ ಹೊಸ ಗಾಜು ಹಾಕಿ ಒಡೆದೇ ಇರ್ಲಿಲ್ಲ ಅಂತೀಯ. ಕೀಲಿ!"

ಚಿಕ್ಕಮ್ಮ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡೆ. ಡೇರೆಯ ಬಾಗಿಲಲ್ಲಿ ಪಕ್ಕದ ದೊಡ್ಡಿಯ ಇಬ್ಬರು ಹಿರಿಯರು ಕೂತಿದ್ದರು. ಅವರೆದುರು ಅಣ್ಣನ ಮಾತು ತೆಗೆದುಹಾಕಲು ಅವಳಿಗೆ ಮನಸ್ಸಾಗಲಿಲ್ಲವೇನೋ, ಕೀಲಿಯನ್ನು ಅವನ ಅಂಗೈಗೆ ಹಾಕಿಬಿಟ್ಟಳು. ಮೂರು ದಿನ ದಬ್ಬಳ ಹಿಡಿದು ತೂತಾದ ಆ ಬೆರಳುಗಳನ್ನು ನೋಡಿದವನು ನಾನು.

ಹಾಲಿನ ಕ್ಯಾನುಗಳನ್ನು ಹೇರಿ ಮೂವರೂ ಮುಂದಿನ ಸೀಟಿನಲ್ಲೇ ಕೂತೆವು. ಮಾವ ಓಡಿಸುವುದಕ್ಕೆ, ಚಿಕ್ಕಮ್ಮ ನಡುವೆ, ನಾನು ಕಿಟಕಿ ಕಡೆ. ಅವಳು ಮಡಿಲು ನೋಡುತ್ತಿದ್ದಳು, ನಾನು ಸಿಟ್ಟಿನಲ್ಲಿ ಹೊರಗೆ ನೋಡುತ್ತಿದ್ದೆ. ಆ ದಿನ ಮಂಜು ನೆತ್ತಿಯನ್ನು ದಾಟಿ ಬಯಲಿನ ಕಡೆಗೂ ಚೆಲ್ಲಿತ್ತು. ದಿನಾ ನಿಲ್ಲಿಸುವ ಜಾಗ ಬರುವ ಮೊದಲೇ ನಾವು ಅದರೊಳಗೆ ಮುಳುಗಿದೆವು. ಮಾವ ಸ್ವಿಚ್ಚು ಒತ್ತಿದ. ಏನೂ ಬೆಳಗಲಿಲ್ಲ.

"ನೋಡ್ಕೊಳ್ಳಿ" ಎಂದ ಮಾವ, ಗೆದ್ದವನ ದನಿಯಲ್ಲಿ. "ಕುಚ್ಚಿಲ್ಲ, ಅಂದ್ರೆ ಮುಚ್ಚಳ ತೆಗ್ದಿದ್ದೀಯ. ಆದ್ರೂ ಬೆಳಕಿಲ್ಲ. ಎರಡೂ ಒಡೆದು ಹೋಗಿವೆ. ಇನ್ನೇನು ಹೇಳ್ತೀಯ?"

ನಾನು ಮುಂದೆ ನೋಡಿದೆ. ಕೆಂಪು ಕುಚ್ಚು ಅವನ ಕಣ್ಣೆದುರಿಗೆ, ಮುಂದಿನ ಗಾಜಿನಾಚೆ ಒಂದು ಮೊಳ ದೂರದಲ್ಲಿ, ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು.

ಗೇಲಿ ಮಾಡುತ್ತಿದ್ದಾನೆ ಎಂದೇ ಮೊದಲು ಅನ್ನಿಸಿತು. ಅವನ ಮುಖ ನೋಡಿದೆ. ಗೇಲಿ ಇರಲಿಲ್ಲ. ಎರಡು ಕಣ್ಣನ್ನೂ ಕಿರಿದು ಮಾಡಿ, ಕತ್ತು ಮುಂದೆ ಚಾಚಿ, ಸ್ಟೀರಿಂಗನ್ನು ಬಿಗಿಯಾಗಿ ಅವುಚಿಕೊಂಡಿದ್ದ. ಚಿಕ್ಕಮ್ಮನೂ ತಲೆಯೆತ್ತಿದ್ದಳು. ಅವಳು ಕುಚ್ಚನ್ನು ನೋಡಿದಳು, ಅಣ್ಣನನ್ನು ನೋಡಿದಳು.

"ಅಣ್ಣ, ನಿಲ್ಸು" ಎಂದಳು ಮೆಲ್ಲಗೆ. ಮರುಕ್ಷಣವೇ, "ಹಸು! ಮುಂದೆ ಹಸು!" ಎಂದು ಕೂಗಿದಳು.

"ಎಲ್ಲಿದೆ?" ಎಂದ ಅವನು.

ಅವಳು ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದಳು. ಗಾಡಿ ಜಾರಿ, ಅರ್ಧ ತಿರುಗಿ ನಿಂತಿತು. ಹಿಂದೆ ಕ್ಯಾನುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು.

ಚಿಕ್ಕಮ್ಮ ನನ್ನನ್ನು ದಬ್ಬಿಕೊಂಡು ಕೆಳಗಿಳಿದು ಮುಂದಕ್ಕೆ ಹೋದಳು. ಒಂದು ಎಳೆತ, ಇನ್ನೊಂದು ಎಳೆತ. ಎರಡೂ ದೀಪ ಹಳದಿಯಾಗಿ ಬೆಳಗಿದವು. ಒಂದು ಗಾಜಿಗೂ ಗೀರು ಬಿದ್ದಿರಲಿಲ್ಲ. ಆ ಬೆಳಕಿನಲ್ಲಿ, ಬಂಪರಿನಿಂದ ಎರಡು ಹೆಜ್ಜೆ ಆಚೆಗೆ, ಜಲ್ಲಿ ರಸ್ತೆಯ ಮೇಲೆ ಕಾಲು ಮಡಿಸಿಕೊಂಡು ಕೂತಿದ್ದ ಕಪ್ಪು ಹಸು ನಮ್ಮನ್ನು ನೋಡುತ್ತ ಮೆಲುಕು ಹಾಕುತ್ತಿತ್ತು.

ಮಾವನೂ ಇಳಿದ. ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಕಾಲನ್ನು ಬಲವಾಗಿ ತುಳಿದಳು.

"ತಪ್ಪು ನಂದು ಅಣ್ಣ" ಎಂದಳು. "ಮಾತಾಡ್ದೆ ಮುನಿಸ್ಕೊಂಡು ಕೂತೆ. ಮುಚ್ಚಳ ತೆಗೀಬೇಕು ಅಂತ ಹೇಳ್ಬೇಕಿತ್ತು."

ಮಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಸವರುತ್ತ, ಹುರಿ ಸಿಕ್ಕಿದ ಮೇಲೆ ಅದನ್ನೇ ಹಿಡಿದುಕೊಂಡು ಮುಂದಿನ ಗಾಜಿನವರೆಗೆ ಬಂದ. ಅವನ ಬೆರಳು ವೈಪರಿನ ಹತ್ತಿರ ಕುಚ್ಚಿಗೆ ತಾಗಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತ.

"ತುಫೂಲ್, ಇದು ಇಲ್ಲೇ ಇತ್ತಾ?"

"ಇಲ್ಲಣ್ಣ" ಎಂದಳು ಅವಳು, ಕಣ್ಣು ಮಿಟುಕಿಸದೆ. "ಈಗ ಹುರಿ ಎಳೆದ್ನಲ್ಲ, ಆಗ ಮೇಲಕ್ಕೆ ಹಾರ್ತು."

ಇಂಥ ಹಸಿ ಸುಳ್ಳನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಇಷ್ಟು ಒಳ್ಳೆಯದನ್ನೂ ಕೇಳಿರಲಿಲ್ಲ. ಒಂದು ತಾಸಿನ ಹಿಂದೆ ಇಬ್ಬರು ಹಿರಿಯರೆದುರು ಅವಳ ಕೀಲಿ ಕಿತ್ತುಕೊಂಡವನು ಅವನು. ನನ್ನ ಕೈಗೆ ಆ ಕುಚ್ಚು ಸಿಕ್ಕಿದ್ದರೆ ಅವನ ಮೂಗಿಗೆ ಉಜ್ಜಿ ತೋರಿಸುತ್ತಿದ್ದೆ. ಅವಳು ಕುಚ್ಚನ್ನು ಅವನ ಮುಷ್ಟಿಯಿಂದ ಮೆಲ್ಲಗೆ ಬಿಡಿಸಿಕೊಂಡು, ಮುಚ್ಚಳದ ಜೊತೆ ಸುತ್ತಿ ಸೀಟಿನ ಕೆಳಗಿಟ್ಟಳು. ಆಮೇಲೆ ಹಸುವಿನ ಹತ್ತಿರ ಹೋಗಿ, "ಏಳೇ ತಾಯಿ, ನಿಮ್ಮಪ್ಪ ಹಾಕಿಸಿದ ರಸ್ತೆನಾ ಇದು" ಎಂದು ಬಾಲ ತಿರುವಿ ಎಬ್ಬಿಸಿದಳು.

ತಿರುಗಿ ಬಂದಾಗ ಮಾವ ಕಿಟಕಿ ಕಡೆಯ ಸೀಟಿನಲ್ಲಿ ಕೂತಿದ್ದ. ಕೀಲಿ ಗಾಡಿಯಲ್ಲೇ ಇತ್ತು. ಅವಳು ಏನೂ ಕೇಳದೆ ಓಡಿಸಲು ಕೂತಳು. ನಾನು ನಡುವೆ ಮುದುಡಿಕೊಂಡೆ.

ಅವಳು ಮಂಜಿನಲ್ಲಿ ಓಡಿಸುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ದೀಪ ಹಾಸಿದ ಹತ್ತು ಹೆಜ್ಜೆ ರಸ್ತೆಯನ್ನಷ್ಟೇ ನಂಬಿ, ಅವಸರವಿಲ್ಲದೆ, ಅಂಜಿಕೆಯಿಲ್ಲದೆ, ಬಿಳಿ ಗೆರೆಯನ್ನು ಎಡಗಡೆಗೆ ಹಿಡಿದುಕೊಂಡು ತಿರುವಿನ ಮೇಲೆ ತಿರುವು ಇಳಿಸಿದಳು. ಎದುರಿಗೆ ಬಂದ ಗಾಡಿಗೆ ಮೊದಲೇ ಹಾರನ್ ಹೊಡೆದು ಒಪ್ಪವಾಗಿ ಜಾಗ ಬಿಟ್ಟಳು. ಮಾವ ಒಂದೇ ಒಂದು ಸಲ ಮಾತಾಡಿದ. "ಮೂರನೇ ಗೇರಿಗೆ ಹಾಕು" ಎಂದ. "ಮೂರರಲ್ಲೇ ಇದೆ ಅಣ್ಣ" ಎಂದಳು. "ಹೂಂ" ಎಂದ.

ಬೆಟ್ಟದ ಬುಡದ ಚಪ್ಪರದಲ್ಲಿ ಆರೇಳು ಮಂದಿ ಹಾಲಿಗೆ ಕಾಯುತ್ತಿದ್ದರು. ಚಪ್ಪರದಲ್ಲಿ ದಿನಾ ಬಂದು ಕೂರುವ ಮುಸಲ್ಲಮ್ ಎಂಬವನ ನಾಲಿಗೆಗೆ ಮೂಳೆಯಿಲ್ಲ ಎಂದು ಊರಿಗೇ ಗೊತ್ತು. ಮಾವ ಆ ಕಡೆಯ ಬಾಗಿಲಿಂದ ಇಳಿಯುವುದನ್ನು ಕಂಡು ಅವನು ಚಪ್ಪಾಳೆ ತಟ್ಟಿದ.

"ಏನಯ್ಯಾ ಮಹಾದ್! ಕೀಲಿ ಕಿತ್ಕೊಳ್ತೀನಿ ಅಂತ ಮೂರು ತಿಂಗಳಿಂದ ಕೂಗಾಡ್ತಿದ್ದೆ, ಈಗ ನೋಡಿದ್ರೆ ಹೊಸ ಮದುಮಗಳ ಹಾಗೆ ಪಕ್ಕದಲ್ಲಿ ಕೂತ್ಕೊಂಡು ಬಂದಿದ್ದೀಯ!"

ಎಲ್ಲರೂ ನಕ್ಕರು. ಚಿಕ್ಕಮ್ಮ ಥಟ್ಟನೆ, "ಅಣ್ಣನಿಗೆ ಸೊಂಟ ನೋವು, ನಾನೇ ಬಲವಂತ ಮಾಡಿ..." ಎಂದು ಶುರು ಮಾಡಿದಳು.

"ಸುಮ್ನಿರು ತುಫೂಲ್" ಎಂದ ಮಾವ. ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದ. "ಸೊಂಟ ನೆಟ್ಟಗಿದೆ. ನಂಗೆ ಕಣ್ಣು ಕಾಣಲ್ಲ ಮುಸಲ್ಲಮ್. ಎರಡು ವರ್ಷ ಆಯ್ತು. ಮಂಜಲ್ಲೂ ಕಾಣಲ್ಲ, ಮಂಜಿಲ್ದಿದ್ರೂ ಸರಿಯಾಗಿ ಕಾಣಲ್ಲ. ಇವತ್ತು ಇವಳನ್ನೂ ಈ ಬಖೀತನನ್ನೂ ಕೊಂದುಬಿಡ್ತಿದ್ದೆ. ಅವಳಿಗೆ ಕಾಣುತ್ತೆ, ಅವಳು ಓಡಿಸ್ತಾಳೆ. ಬಖೀತ, ನನ್ನ ಗಾಡಿ ರೆಡಿ ಇದೆ ಅಂದ್ಯಲ್ಲ, ಅದರ ಕೀಲೀನೂ ಇವಳಿಗೇ ಕೊಡು."

ಮುಸಲ್ಲಮ್ ಎದ್ದು ಬಂದು ಮಾವನ ಕೈ ಹಿಡಿದು ಚಾಪೆಗೆ ಕರೆದುಕೊಂಡು ಹೋದ. ಚಿಕ್ಕಮ್ಮ ಬೆನ್ನು ತಿರುಗಿಸಿ ಕ್ಯಾನಿನ ಮುಚ್ಚಳವನ್ನು ಬಹಳ ಹೊತ್ತು ತಿರುಚುತ್ತಿದ್ದಳು. ಅದು ಆಗಲೇ ತೆರೆದಿತ್ತು. ಮೊದಲ ಬಟ್ಟಲು ಹಾಲನ್ನು ನೊರೆ ಸಮೇತ ಬಗ್ಗಿಸಿ, ಗಿರಾಕಿಗಳನ್ನೆಲ್ಲ ದಾಟಿಕೊಂಡು ಹೋಗಿ, ಅಣ್ಣನ ಎರಡೂ ಕೈ ಹಿಡಿದು ಅವುಗಳಲ್ಲಿಟ್ಟಳು.